ಬಿ ಷೆಡ್ಯೂಲಿನ ಅರವತ್ತೊಂದು ಆಟಗಳು

ವಿಡಿಯೋ ಗೇಮು ಅಂದರೆ ನನಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ, ನನ್ನ ತಪ್ಪು ಇಷ್ಟೇ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಪಿರಿಯಾಪಟ್ಟಣದಲ್ಲಿ ನಾನು ಪತ್ರ ಬರಹಗಾರ. ನೋಂದಣಿ ಕಚೇರಿ ಎದುರು ಸಾಲಾಗಿರುವ ಅಂಗಡಿಗಳಲ್ಲಿ ಮೂರನೆಯದು ನನ್ನದು. ಕ್ರಯ, ದಾನ, ವಿಭಾಗ, ಹಕ್ಕು ಖುಲಾಸೆ, ಯಾವುದು ಹೇಳಿದರೂ ಅರ್ಧ ಗಂಟೆಯಲ್ಲಿ ಟೈಪು ಮಾಡಿ ಕೈಗೆ ಕೊಡುತ್ತೇನೆ. ಓದದೆ ಹೆಬ್ಬೆಟ್ಟು ಒತ್ತುವವರನ್ನು ಬೈಯುವುದರಲ್ಲೂ ನನಗೆ ಹೆಸರಿದೆ. "ನಿನ್ ತಲೆ ಬರ್ಕೊಟ್ಟಿದ್ರೂ ಒತ್ತುಬುಡ್ತೀಯಲ್ಲಲಾ!" ಅಂತ ಎಷ್ಟು ಜನರ ಮೇಲೆ ರೇಗಿದ್ದೇನೋ ಲೆಕ್ಕವಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಬೆಟ್ಟದಪುರದ ಅಣ್ಣ ತಂಗಿ ಬಂದರು. ಅವರ ತಂದೆ ತೀರಿಕೊಂಡು ವರ್ಷ ಕಳೆದಿತ್ತು. ಅಣ್ಣನಿಗೆ ನಲವತ್ತರ ಹತ್ತಿರ, ಹಣೆಯಲ್ಲಿ ವಿಭೂತಿ, ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ಅಂಟು. ತಂಗಿ ಮದುವೆಯಾಗಿ ಹುಣಸೂರು ಸೇರಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಕಚೇರಿಗೆ ಬರುವುದೇ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡಲು. 'ಅರಿಶಿನ ಕುಂಕುಮಕ್ಕೆ' ಅಂತ ಒಂದಿಷ್ಟು ಕೊಟ್ಟು, ಸೀರೆ ಉಡಿಸಿ, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಆ ಪತ್ರದ ನಮೂನೆ ನನ್ನ ಕಂಪ್ಯೂಟರಿನಲ್ಲಿ ಸದಾ ತಯಾರು, ಹೆಸರು ಬದಲಾಯಿಸಿದರೆ ಮುಗಿಯಿತು. ಅವರು ಕೂರುವಷ್ಟರಲ್ಲಿ ನಾನು ಆ ಫೈಲು ತೆರೆದೂ ಆಗಿತ್ತು.

"ಖುಲಾಸೆ ಅಲ್ಲ ಸಾರ್. ಪಾಲು," ಅಂದಳು ತಂಗಿ.

ಅಣ್ಣ ನಕ್ಕ. "ಅವ್ಳಿಗೆ ಜಮೀನು ಬ್ಯಾಡ್ವಂತೆ ಕಣ್ರೀ. ಗೇಮ್ ಬೇಕಂತೆ."

ವಿಷಯ ಹೀಗಿತ್ತು. ಕೊಪ್ಪದಲ್ಲಿ, ಮಡಿಕೇರಿ ರಸ್ತೆಗೆ ಮುಖಮಾಡಿ, ಅವರ ತಂದೆಯದೊಂದು ಸ್ವಂತ ಅಂಗಡಿ. ಅದರಲ್ಲಿ ಈಕೆ ಆರು ವರ್ಷದಿಂದ ಗೇಮ್ ಸೆಂಟರ್ ನಡೆಸುತ್ತಿದ್ದಳು. ಎರಡು ಮೆಷಿನ್ನು, ಎರಡು ದೊಡ್ಡ ಟಿವಿ, ಬಂದವರು ಗಂಟೆ ಲೆಕ್ಕದಲ್ಲಿ ಆಡಿ ಹೋಗುವುದು. ಮೊದಲು ಡಿಸ್ಕ್ ತರುತ್ತಿದ್ದಳಂತೆ. ಹುಡುಗರ ಕೈಯಲ್ಲಿ ಗೀಚಿ ಗೀಚಿ ಹಾಳಾಗುತ್ತಿದ್ದವು, ಅದಕ್ಕೆ ಆಮೇಲಾಮೇಲೆ ಎಲ್ಲವನ್ನೂ ಆನ್‌ಲೈನಿನಲ್ಲೇ ಕೊಂಡಳು. ಒಟ್ಟು ಅರವತ್ತೊಂದು ಆಟ, ಎಲ್ಲವೂ ಆಕೆಯ ದುಡಿಮೆಯವು. ಆದರೆ ಶುರುವಿನಲ್ಲಿ ಆಟದ ಕಂಪನಿಯಲ್ಲಿ ಅಕೌಂಟು ತೆರೆದದ್ದು ಅಣ್ಣನ ಮೊಬೈಲ್ ನಂಬರಿನಲ್ಲಿ, ಅವನ ಹೆಸರಿನಲ್ಲಿ. ಹುಣಸೂರಿನಿಂದ ದಿನಾ ಕೊಪ್ಪಕ್ಕೆ ಓಡಾಡುವುದು ಕಷ್ಟವಾಗಿತ್ತು, ಹುಣಸೂರಿನಲ್ಲೇ ಕಾಲೇಜು ಹತ್ತಿರ ಬಾಡಿಗೆ ಕೋಣೆ ಹಿಡಿದು ಸೆಂಟರ್ ಹಾಕುತ್ತೇನೆ ಅಂದಳು. ಹಾಗಾಗಿ ಜಮೀನು, ಮನೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಕೊಪ್ಪದ ಅಂಗಡಿ ಎಲ್ಲಾ ಅಣ್ಣನಿಗೆ, ಅದು ಎ ಷೆಡ್ಯೂಲು. ಮೆಷಿನ್ನು, ಟಿವಿ, ಅರವತ್ತೊಂದು ಆಟ ತಂಗಿಗೆ, ಅದು ಬಿ ಷೆಡ್ಯೂಲು. ಇಬ್ಬರೂ ಮನೆಯಲ್ಲಿ ಕೂತು ಮಾತಾಡಿಕೊಂಡೇ ಬಂದಿದ್ದರು.

ಆಹಾ, ನನಗೆ ಎಂಥಾ ಉತ್ಸಾಹ ಬಂತು ಅಂತೀರಿ! ಇಷ್ಟು ವರ್ಷದಲ್ಲಿ ಇಂಥ ಸ್ವತ್ತು ನನ್ನ ಮುಂದೆ ಬಂದಿರಲಿಲ್ಲ. ಒಂದೊಂದೇ ಆಟದ ಹೆಸರನ್ನು ಆಕೆ ಹೇಳುತ್ತಾ ಹೋದಳು, ನಾನು ಕ್ರಮಸಂಖ್ಯೆ ಹಾಕಿ ಕನ್ನಡದಲ್ಲಿ ಟೈಪು ಮಾಡುತ್ತಾ ಹೋದೆ. ಅರವತ್ತೊಂದು ಮುಗಿಯುವ ಹೊತ್ತಿಗೆ ಎರಡು ಕಾಫಿ ಆಗಿತ್ತು.

"ಅಲ್ಲಮ್ಮಾ, ಜಮೀನಿಗಾದ್ರೆ ಚಕ್ಕುಬಂದಿ ಬರೀತೀನಿ. ಪೂರ್ವಕ್ಕೆ ಇಂಥೋರ ಹೊಲ, ಪಶ್ಚಿಮಕ್ಕೆ ಓಣಿ ಅಂತ. ಇದು ಎಲ್ಲೈತೆ ಅಂತ ಬರೀಲಿ?" ಅಂದೆ.

"ಎಲ್ಲೂ ಇಲ್ಲ ಸಾರ್. ಕಂಪನಿಯೋರ ಸರ್ವರ್‌ನಲ್ಲಿ ಅವೆ. ನಮ್ ಮೆಷಿನ್‌ಗೆ ಇಳಿಸ್ಕೊಂಡು ಆಡ್ಸೋದು." ಹಾಗಂದು ಫೋನು ನನ್ನ ಕಡೆ ಚಾಚಿದಳು. "ಇದು ಅವ್ರ ಕರಾರು. ಒಂದ್ಸಲ ಓದಿಬುಡಿ ಸಾರ್. ಅಕೌಂಟು ಅಣ್ಣನ ಹೆಸ್ರಲ್ಲೈತಲ್ಲ, ಮುಂದೆ ನಂಗೇನೂ ತೊಂದ್ರೆ ಆಗ್ಬಾರ್ದು."

ಇಂಗ್ಲಿಷು, ಸಾಸಿವೆಯಷ್ಟು ಅಕ್ಷರ. ನನಗೆ ಇಂಗ್ಲಿಷು ಬರುವುದಿಲ್ಲ ಅಂತಲ್ಲ, ನಿಧಾನಕ್ಕೆ ಓದಿದರೆ ಬರುತ್ತದೆ. ಆದರೆ ಹೊರಗೆ ಕ್ರಯದ ಪಾರ್ಟಿಯವರು ಸಾಕ್ಷಿಗಳನ್ನು ಕರೆದುಕೊಂಡು ನಿಂತಿದ್ದರು, ಅವರ ಸರದಿ ಹತ್ತಿರ ಬಂದಿತ್ತು. ಹೆಬ್ಬೆರಳಿನಲ್ಲಿ ಪರದೆಯನ್ನು ಮೇಲೆ ತಳ್ಳಿದೆ. ತಳ್ಳಿದಷ್ಟೂ ಬರುತ್ತಲೇ ಇತ್ತು. ಕೊನೆ ಮುಟ್ಟಿಸಿ ಫೋನು ವಾಪಸು ಕೊಟ್ಟೆ.

"ನೋಡ್ದೆ. ಏನಿಲ್ಲ, ಎಲ್ಲಾ ಕಂಪನಿಯೋರೂ ಬರ್ಕೊಳ್ಳೋದೇ. ನೋಂದಣಿ ಆದ ಪತ್ರದ ಮುಂದೆ ಅದ್ಯಾವ್ದೂ ನಿಲ್ಲಲ್ಲ ಕಣಮ್ಮಾ."

ಆಕೆಯ ಮುಖ ಅರಳಿತು. ಅಣ್ಣನೂ "ಇನ್ನೇನು ಬುಡು, ಸಾರೇ ಹೇಳುದ್ರಲ್ಲ," ಅಂದ. ಬಿ ಷೆಡ್ಯೂಲಿನ ಕೆಳಗೆ ನನ್ನ ಎಂದಿನ ಒಕ್ಕಣೆ ಹಾಕಿದೆ: 'ಸದರಿ ಅರವತ್ತೊಂದು ಆಟಗಳನ್ನು ಎರಡನೇ ಪಾರ್ಟಿಯವರು ತಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ, ದಾನ ವಿಕ್ರಯಾದಿ ಸಕಲ ಹಕ್ಕುಗಳೊಂದಿಗೆ, ಯಾರ ಅಡ್ಡಿ ಆತಂಕವೂ ಇಲ್ಲದೆ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.' ಗಟ್ಟಿಯಾಗಿ ಓದಿ ಹೇಳಿದೆ. ಹಳೆಯ ಏಳು ಡಿಸ್ಕ್ ಕೂಡ ಇವೆ ಅಂತ ಆಕೆ ನೆನಪಿಸಿದಳು. ಅವನ್ನು ಬಿಡಿಬಿಡಿಯಾಗಿ ಬರೆಯಲು ಬೇಜಾರಾಗಿ 'ಇತರೆ ಸಾಮಾನುಗಳು' ಅಂತ ಸೇರಿಸಿದೆ. ಎರಡು ದಿನದಲ್ಲಿ ಫೋಟೋ, ಹೆಬ್ಬೆಟ್ಟು, ಸೀಲು ಎಲ್ಲಾ ಮುಗಿಯಿತು. ವಾರವೆಲ್ಲಾ ಟೀ ಅಂಗಡಿಯಲ್ಲಿ ನನ್ನದೇ ಬಡಾಯಿ. ಜಮೀನು ಪಾಲು ಯಾರು ಬೇಕಾದರೂ ಮಾಡ್ತಾರೆ, ಆಟ ಪಾಲು ಮಾಡಿದವನು ನಾನೊಬ್ಬನೇ ಅಂತ.

ಮೂರ್ನಾಲ್ಕು ತಿಂಗಳು ಹುಣಸೂರಿನ ಸೆಂಟರ್ ಚೆನ್ನಾಗೇ ನಡೆಯಿತು. ತೊಂದರೆ ಶುರುವಾದದ್ದು ಕಂಪನಿಯವರು ಹೊಸದಾಗಿ ತಂದ ಆರಂಕಿಯ ಕೋಡಿನಿಂದ. ಒಂದು ಅಕೌಂಟಿಗೆ ಒಂದೇ ಮೆಷಿನ್ನು 'ಮನೆ ಮೆಷಿನ್ನು', ಅದು ಇಂಟರ್ನೆಟ್ ಇಲ್ಲದಿದ್ದರೂ ಆಟ ತೆರೆಯುತ್ತದೆ. ಎರಡನೆಯದು ಪ್ರತಿ ಸಲ ಅಕೌಂಟಿಗೆ ಲಾಗಿನ್ ಆಗಬೇಕು. ಕರೆಂಟು ಹೋಗಿ ಬಂದರೆ ಸಾಕು, ಬೆಟ್ಟದಪುರದಲ್ಲಿ ಅಣ್ಣನ ಮೊಬೈಲಿಗೆ ಕೋಡು ಬರುತ್ತಿತ್ತು. ಆಕೆ ಫೋನು ಮಾಡಬೇಕು, ಅವನು ಹೊಲದಲ್ಲೋ ಬ್ಯಾರನ್ನಿನಲ್ಲೋ ಇದ್ದುಕೊಂಡು ಓದಿ ಹೇಳಬೇಕು. ಮೊದಮೊದಲು ಹೇಳಿದ. ಆಮೇಲೆ "ಇದೇನವ್ವಾ ದಿನಾ ನಿಂದು ರಾಮಾಯಣ," ಅನ್ನತೊಡಗಿದ. ಸೊಪ್ಪು ಬೇಯಿಸುವ ಕಾಲದಲ್ಲಿ ಫೋನು ಎತ್ತುವುದನ್ನೇ ಬಿಟ್ಟ.

ಆಕೆ ನನಗೆ ಫೋನು ಮಾಡಿದಳು. "ಏನ್ ಮಾಡ್ಲಿ ಸಾರ್?"

ಆಗಲಾದರೂ ನಾನು ಆ ಕರಾರನ್ನು ಓದಬಹುದಿತ್ತು. ಓದಲಿಲ್ಲ. ಜಮೀನು ಪಾಲಾದ ಮೇಲೆ ಪಹಣಿ ಬದಲಾಯಿಸಲ್ಲವೇ, ಇದೂ ಹಾಗೇ ಅಂದುಕೊಂಡೆ. "ಅಕೌಂಟನ್ನೇ ನಿನ್ ಹೆಸ್ರಿಗೆ ಮಾಡಿ ಅಂತ ಕಂಪನಿಗೇ ಅರ್ಜಿ ಹಾಕ್ಬುಡೋಣ. ನೋಂದಣಿ ಪತ್ರ ಕಳ್ಸು. ಸೀಲು ನೋಡುದ್ರೆ ಬಗ್ಗುತಾರೆ," ಅಂದೆ. ಅರ್ಜಿಯನ್ನೂ ನಾನೇ ಇಂಗ್ಲಿಷಿನಲ್ಲಿ ಬರೆದೆ. ಈ ಆಟಗಳನ್ನು ಅಣ್ಣ ತಂಗಿಗೆ ಪಾಲಿನಲ್ಲಿ ಬಿಟ್ಟುಕೊಟ್ಟಿರುವುದಾಗಿಯೂ, ಆಕೆ ಇವುಗಳಿಂದ ಹುಣಸೂರಿನಲ್ಲಿ ವ್ಯಾಪಾರ ಮಾಡಿ ಜೀವನ ನಡೆಸುತ್ತಿರುವುದಾಗಿಯೂ ವಿವರವಾಗಿ ಬರೆದೆ. ಪತ್ರದ ಹದಿನಾಲ್ಕೂ ಪುಟ ಸ್ಕ್ಯಾನ್ ಮಾಡಿ, ಬಿ ಷೆಡ್ಯೂಲಿನ ಇಂಗ್ಲಿಷ್ ಅನುವಾದಕ್ಕೆ ನೋಟರಿ ಮುದ್ರೆ ಹಾಕಿಸಿ, ನನ್ನ ಅಂಗಡಿಯಿಂದಲೇ ಕಳಿಸಿದೆವು. ಈ ಸಲವೂ ಆಕೆ ಹಗುರಾಗಿ ಹೋದಳು.

ಹನ್ನೆರಡನೇ ದಿನ ಮಧ್ಯಾಹ್ನ ಫೋನು ಬಂತು. "ಸಾರ್, ಎಲ್ಲಾ ಆಟದ್ ಮೇಲೂ ಬೀಗದ್ ಚಿತ್ರ ಬತ್ತಾ ಐತೆ. ಆಡ್ತಾ ಕೂತಿದ್ದಂಗೆ ನಿಂತೋಯ್ತು. ಅದೇನೋ ಮೇಲ್ ಬಂದೈತೆ, ನಂಗೆ ಓದಕ್ಕೇ ಭಯ ಆಯ್ತೈತೆ."

ಅಂಗಡಿ ಬಾಗಿಲು ಎಳೆದುಕೊಂಡು ಹುಣಸೂರು ಬಸ್ಸು ಹತ್ತಿದೆ. ಕೋಣೆಯಲ್ಲಿ ಆಕೆ ಒಬ್ಬಳೇ ಕೂತಿದ್ದಳು. ಗೋಡೆಗೆ ಆಕಾಶನೀಲಿ ಬಣ್ಣ ಹೊಡೆಸಿದ್ದಳು, ಹೊಸ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಟಿವಿಯಲ್ಲಿ ಅರವತ್ತೊಂದು ಚಿತ್ರ ಸಾಲಾಗಿದ್ದವು, ಒಂದೊಂದರ ಮೂಲೆಯಲ್ಲೂ ಪುಟ್ಟ ಬೀಗ. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆಕೆ ಒಂದು ಹಳೆಯ ಡಿಸ್ಕ್ ತುರುಕಿ ತೋರಿಸಿದಳು, ಅದು ಮಾತ್ರ ತೆರೆಯಿತು. ನಾನು ಇತರೆ ಸಾಮಾನು ಅಂತ ಬರೆದಿದ್ದೆನಲ್ಲ, ಆ ಏಳೇ ಆಕೆಗೆ ಉಳಿದಿದ್ದವು.

ಮೇಲ್ ಓದಿದೆ. ಸಭ್ಯವಾದ ಇಂಗ್ಲಿಷಿನಲ್ಲೇ ಇತ್ತು. ಗ್ರಾಹಕರಿಗೆ ಮಾರಿದ್ದು ಆಟವಲ್ಲ, ಆಡಲು ಅನುಮತಿ, ಅಂದರೆ ಲೈಸೆನ್ಸು. ಅನುಮತಿ ಆ ಒಬ್ಬ ವ್ಯಕ್ತಿಗೆ ಮಾತ್ರ, ಇನ್ನೊಬ್ಬರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ. ನೀವೇ ಕಳಿಸಿದ ದಾಖಲೆಗಳಿಂದ ಇವೆಲ್ಲಾ ಆಗಿರುವುದು ನಮಗೆ ಖಚಿತವಾಗಿದೆ, ಆದ್ದರಿಂದ ಅಕೌಂಟನ್ನು ಮುಚ್ಚಿದ್ದೇವೆ. ಸಾರಾಂಶ ಇಷ್ಟು.

ಆಮೇಲೆ ಆ ಕುರ್ಚಿಯಲ್ಲೇ ಕೂತು ಮೊದಲ ಸಲ ಕರಾರನ್ನು ಪೂರ್ತಿ ಓದಿದೆ. ಒಂದು ಗಂಟೆ ಹಿಡಿಯಿತು. ಕಷ್ಟದ್ದೇನೂ ಇರಲಿಲ್ಲ. ನಾಲ್ಕನೇ ಕಲಮಿನಲ್ಲೇ ಎಲ್ಲಾ ಬಿಡಿಸಿ ಹೇಳಿದ್ದರು. ನನ್ನ ಅಂಗಡಿ ಗೋಡೆಯ ಮೇಲೆ ಬರಹಗಾರನ ಪರವಾನಗಿ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅದು ನನ್ನ ಹೆಸರಿನದು, ನಾನು ಸತ್ತರೆ ಮಗ ಅದನ್ನಿಟ್ಟುಕೊಂಡು ಒಂದು ಸಾಲು ಬರೆಯುವಂತಿಲ್ಲ. ಅದನ್ನು ದಿನಾ ಒರೆಸಿ ಊದುಬತ್ತಿ ಹಚ್ಚುವ ನನಗೆ ಇದು ತಿಳಿಯಲಿಲ್ಲವೇ? ನನ್ನ ಕೈಯಾರೆ ಬರೆದ ಅರ್ಜಿಯೇ ಈ ಹುಡುಗಿಯ ಅನ್ನಕ್ಕೆ ಮಣ್ಣು ಹಾಕಿತ್ತು. ಅಣ್ಣನ ಕೋಡು ಕೇಳಿಕೊಂಡಾದರೂ ಬದುಕಿಕೊಂಡಿರುತ್ತಿದ್ದಳು.

ಆಕೆ ಬೈಯಲಿಲ್ಲ. ಮೆಲ್ಲಗೆ ಕೇಳಿದಳು. "ಅವತ್ತು ಇದ್ನ ಓದಿದ್ರಲ್ಲ ಸಾರ್. ಆವಾಗ ಇದು ಇರ್ಲಿಲ್ವಾ?"

ಅಲ್ಲಿಯೇ ಬಾಯಿಬಿಟ್ಟು ಹೇಳಿದ್ದರೆ! ಹೇಳಲಿಲ್ಲ. "ಇರ್ಲಿಲ್ಲಮ್ಮ. ಆಮೇಲೆ ಸೇರ್ಸಿರ್ಬೇಕು ಕಳ್ಳ ನನ್ಮಕ್ಳು," ಅಂದೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಹೇಸಿಗೆಯಾಯಿತು. ಆಕೆ ಫೋನಿನ ಪರದೆಯನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದಳು. "ಸರಿ ಸಾರ್," ಅಂದಳು. ಟೀ ತರಿಸಿದಳು. ಕುಡಿದು ಬಂದೆ.

ಮುಂದಿನ ಭಾನುವಾರ ಬೆಟ್ಟದಪುರಕ್ಕೆ ಹೋದೆ. ಕೊಪ್ಪದ ಅಂಗಡಿಯನ್ನು ತಂಗಿಗೆ ಬಿಟ್ಟುಕೊಡುವಂತೆ ಅಣ್ಣನಿಗೆ ಹೇಳಿ ನೋಡೋಣ, ನನ್ನ ವಿಷಯ ಎತ್ತದೆಯೇ ಕೆಲಸ ಆಗುವುದಾದರೆ ಆಗಲಿ ಅಂತ ಒಳಗಿನ ಆಸೆ. ಅವನು ಬ್ಯಾರನ್ನಿನ ಮುಂದೆ ಕೋಲಿಗೆ ಸೊಪ್ಪು ಪೋಣಿಸುತ್ತಿದ್ದ. ನೋಡಿ ಎದ್ದೂ ನಿಲ್ಲಲಿಲ್ಲ.

"ಬನ್ನಿ ಬನ್ನಿ. ಊರೆಲ್ಲಾ ನನ್ ಮುಖಕ್ಕೆ ಉಗೀತಾವ್ರೆ. ತಂಗಿಗೆ ಗಾಳಿ ಬರ್ಕೊಟ್ಟು ಜಮೀನು ಹೊಡ್ಕೊಂಡ ಅಂತವ್ರೆ. ನಾನಾ ಹೊಡ್ಕೊಂಡಿದ್ದು?"

"ಕಂಪನಿಯೋರು ಹಿಂಗ್ ಮಾಡ್ತಾರೆ ಅಂತ ಯಾರಿಗ್ ಗೊತ್ತಿತ್ತು," ಅಂದೆ.

"ಗೊತ್ತಿರ್ಬೇಕಿತ್ತು ಕಣ್ರೀ ನಿಮ್ಗೆ! ಈ ಬ್ಯಾರನ್ ಲೈಸೆನ್ಸು ಅಪ್ಪನ್ ಹೆಸ್ರಿಂದ ನನ್ ಹೆಸ್ರಿಗೆ ಬರ್ಬೇಕಾದ್ರೆ ಎಷ್ಟ್ ಅಲ್ದಿವ್ನಿ. ಲೈಸೆನ್ಸು ಅಂದ್ರೆ ಏನು ಅಂತ ನಂಗೇ ಗೊತ್ತು. ಅದು ಲೈಸೆನ್ಸು ಅಂತ ನೀವು ಒಂದು ಮಾತು ಹೇಳಿದ್ರೆ ನಾನು ಅವ್ಳಿಗೆ ಅದ್ನ ಪಾಲು ಅಂತ ಕೊಡಕ್ ಬುಡ್ತಿದ್ನಾ?" ಕೈಯಲ್ಲಿದ್ದ ಕೋಲನ್ನು ಪಕ್ಕಕ್ಕಿಟ್ಟ. "ಕೊಪ್ಪದ್ ಅಂಗ್ಡಿ ಕೊಡ್ತೀನಿ. ತಂಗಿ ಕಣ್ಣೀರು ನಂಗ್ಯಾಕೆ. ಆದ್ರೆ ತಪ್ಪು ನಿಮ್ದು ಅಂತ ಬರ್ದು ಸಹಿ ಹಾಕ್ಕೊಡಿ. ನಾಲ್ಕು ಜನದ್ ಮುಂದೆ ನಾನು ತೋರ್ಸ್ಬೇಕು."

ಅಂಗಡಿ ಆಕೆಗೆ ಸಿಗುವುದು ಬಿಡುವುದು ನನ್ನ ಒಂದು ಹಾಳೆಯ ಮೇಲೆ ನಿಂತಿತು. ಬರೆದುಕೊಡುತ್ತೇನೆ ಅಂತ ಹೇಳಿ ಬಂದೆ. ಒಂಬತ್ತು ದಿನ ಬರೆಯಲಿಲ್ಲ. ನಾಲ್ಕು ಜನರಿಗೆ ತೋರಿಸುತ್ತಾನೆ, ಆ ನಾಲ್ವರಲ್ಲಿ ಒಬ್ಬ ದೂರು ಕೊಟ್ಟರೆ ಪರವಾನಗಿ ಹೋಗುತ್ತದೆ. ಪಕ್ಕದ ಅಂಗಡಿಯವರು ನಗುತ್ತಾರೆ. ಇನ್ನು ಯಾರನ್ನು ಬೈಯಲಿ ನಾನು? ಆಕೆಯ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಅಣ್ಣ ಫೋನು ಎತ್ತುವುದಿಲ್ಲ ಅಂತ ಹಿಂದೆ ನಾನೇ ಅವನನ್ನು ಬೈದಿದ್ದೆ.

ಹತ್ತನೇ ದಿನ ಅಂತರಸಂತೆ ಕಡೆಯ ಒಬ್ಬ ಹೆಂಗಸು ತಮ್ಮನ ಜೊತೆ ಬಂದಳು. ಹುಟ್ಟಿದ ಊರು ನಮ್ಮ ತಾಲ್ಲೂಕು, ತಂದೆಯ ಹೊಲ ಇಲ್ಲಿತ್ತು. ಅರಿಶಿನ ಕುಂಕುಮದ ಖುಲಾಸೆ. ಫೈಲು ತೆರೆದೆ, ಹೆಸರು ಬದಲಾಯಿಸಿದೆ, ಪ್ರಿಂಟು ತೆಗೆದೆ. ಆಕೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು.

"ಏನ್ ಬರ್ದೈತೆ ಗೊತ್ತಾ ತಾಯಿ?" ಅಂತ ಕೇಳಿದೆ. ನನ್ನ ಬಾಯಿಂದ ಆ ಪ್ರಶ್ನೆ ಖುಲಾಸೆಗೆ ಬಂದ ಹೆಣ್ಣುಮಗಳೊಬ್ಬಳಿಗೆ ಹೋದದ್ದು ಅದೇ ಮೊದಲು. ಹೆಬ್ಬೆಟ್ಟಿಗೆ ಬೈಯುತ್ತಿದ್ದದ್ದೆಲ್ಲಾ ಗಂಡಸರಿಗೆ, ಕ್ರಯದ ಪಾರ್ಟಿಗಳಿಗೆ.

"ನೀವು ಓದಿರ್ತೀರಲ್ಲ ಬುದ್ಧಿ, ಅಷ್ಟೇ ಸಾಕು," ಅಂದಳು.

ಕೆನ್ನೆಗೆ ಹೊಡೆದ ಹಾಗಾಯಿತು. ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಇನ್ನು ಮುಂದೆ ಆ ಹೊಲದಲ್ಲಿ ನಿನ್ನದು ಏನೂ ಇರುವುದಿಲ್ಲ ಅಂತ ಅರ್ಥ ಬಿಡಿಸಿ ಹೇಳಿದೆ. ತಮ್ಮನಿಗೆ ಸಿಟ್ಟು ಬಂತು. ಆಕೆ, ಯೋಚನೆ ಮಾಡಿ ಇನ್ನೊಂದು ದಿನ ಬರುತ್ತೇನೆ ಅಂತ ಎದ್ದು ಹೋದಳು. ಅವರು ಹೋದ ಕೂಡಲೇ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಟೈಪು ಮಾಡಲಿಲ್ಲ, ಕೈಯಲ್ಲೇ ಬರೆದೆ. ಬರೆದು ಮುಗಿಸಿ ಹುಣಸೂರಿಗೆ ಫೋನು ಮಾಡಿದೆ.

ಮಾರನೇ ದಿನ ಹನ್ನೊಂದಕ್ಕೆ ತಂಗಿ ಬಂದಳು. ಹಾಳೆ ಕೊಟ್ಟೆ. ಕುರ್ಚಿಯ ತುದಿಯಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ಮುಗಿಸಿ ಇನ್ನೊಂದು ಸಲ ಓದಿದಳು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಕಡೆ ಬೆರಳಿಟ್ಟಳು.

"ಇದೊಂದು ಸರಿಯಿಲ್ಲ ಸಾರ್."

'ಸದರಿ ಕಂಪನಿಯ ಕರಾರು ನನ್ನ ಗಮನಕ್ಕೆ ಬಾರದೆ ಇದ್ದುದರಿಂದ' ಅಂತ ಬರೆದಿದ್ದೆ. ದೇವರಾಣೆ, ಬೇಕೆಂದು ಬರೆದದ್ದಲ್ಲ. ಇಷ್ಟು ವರ್ಷ ಬರೆದ ಕೈ, ತಪ್ಪೊಪ್ಪಿಕೊಳ್ಳಲು ಕೂತಾಗಲೂ ತನ್ನಷ್ಟಕ್ಕೆ ತಾನೇ ನುಣುಚಿಕೊಳ್ಳುವ ದಾರಿ ಹುಡುಕಿತ್ತು.

"ಗಮನಕ್ಕೆ ನಾನ್ ತಂದಿದ್ದೆ ಸಾರ್. ಫೋನ್ ಕೊಟ್ಟಿದ್ದೆ. ನೀವು ಹಿಂಗ್ ಹಿಂಗ್ ತಳ್ಳಿ ವಾಪಸ್ ಕೊಟ್ರಿ." ಹೆಬ್ಬೆರಳು ಆಡಿಸಿ ತೋರಿಸಿದಳು. ಕುಹಕವಿರಲಿಲ್ಲ, ಆದದ್ದನ್ನು ಆದ ಹಾಗೆ ತೋರಿಸಿದಳು ಅಷ್ಟೇ. "ಆಮೇಲೆ ಸೇರ್ಸವ್ರೆ ಅಂದ್ರಲ್ಲ ಹುಣಸೂರಲ್ಲಿ. ಅದ್ರ ತಲೆ ಮೇಲೇ ತಾರೀಕು ಹಾಕವ್ರೆ ಸಾರ್, ಯಾವತ್ತು ಬದಲಾಯಿಸಿದ್ದು ಅಂತ. ನಮ್ ಪತ್ರಕ್ಕಿಂತ ಎರಡು ವರ್ಷ ಹಿಂದಿಂದು. ಅಲ್ಲೇ ನೋಡ್ದೆ."

"ಯಾಕಮ್ಮಾ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಇದ್ದೆ."

ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಆಕೆ ಹೇಳಿದಳು, ನಾನು ಬರೆದೆ: 'ಸದರಿ ಕರಾರನ್ನು ಎರಡನೇ ಪಾರ್ಟಿಯವರು ನನ್ನ ಕೈಗೆ ಕೊಟ್ಟು ಓದಲು ಕೇಳಿಕೊಂಡರೂ ನಾನು ಓದದೆ, ಓದಿದ್ದೇನೆಂದು ಸುಳ್ಳು ಹೇಳಿ, ಮುಂದೆ ಅದೇ ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಹೇಳಿದ್ದರಿಂದ.' ತಿದ್ದಿದ ಕಡೆ ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು, ಅದು ನಿಯಮ. ಹಾಕಿದೆ. ಆಕೆ ಮತ್ತೊಮ್ಮೆ ಓದಿ, ಮಡಚಿ, ಬ್ಯಾಗಿನಲ್ಲಿಟ್ಟುಕೊಂಡು ಹೋದಳು.

ಅಣ್ಣ ಮಾತಿಗೆ ತಪ್ಪಲಿಲ್ಲ. ಒಂದು ತಿಂಗಳೊಳಗೆ ಕೊಪ್ಪದ ಅಂಗಡಿ ಆಕೆಯ ಹೆಸರಿಗೆ ಆಯಿತು. ಆ ಪತ್ರವನ್ನು ನನ್ನ ಹತ್ತಿರ ಬರೆಸಲಿಲ್ಲ, ನನ್ನ ಪಕ್ಕದ ಅಂಗಡಿಯವರು ಬರೆದರು. ಮೊದಲಿನ ಪಾಲನ್ನು ಯಾಕೆ ಬದಲಾಯಿಸಲಾಯಿತು ಅಂತ ಕಾರಣ ಕಾಣಿಸಬೇಕಲ್ಲ, ಅದಕ್ಕೆ ಅವರು ನನ್ನ ಹೇಳಿಕೆಯನ್ನು ಇದ್ದ ಹಾಗೆ, ಒಂದಕ್ಷರ ಬಿಡದೆ, ಪತ್ರದೊಳಗೆ ಇಳಿಸಿಕೊಂಡಿದ್ದರು. ಸಹಿಗೆ ಮುಂಚೆ ಪಾರ್ಟಿಗಳಿಗೆ ಗಟ್ಟಿಯಾಗಿ ಓದಿ ಹೇಳಿದರು. ನಡುವೆ ಬರೀ ಶೀಟಿನ ಗೋಡೆ, ನನಗೆ ಪೂರ್ತಿ ಕೇಳಿಸಿತು. ನನ್ನ ಮುಂದೆ ಕೂತಿದ್ದ ಪಾರ್ಟಿಯವರಿಗೂ ಕೇಳಿಸಿತು. ಈಗ ಆ ಸಾಲು ಕಚೇರಿಯ ದಾಖಲೆಯಲ್ಲಿದೆ. ಅರ್ಜಿ ಹಾಕಿದರೆ ಯಾರಿಗೆ ಬೇಕಾದರೂ ನಕಲು ಕೊಡುತ್ತಾರೆ.